ಅರ್ಧ ತಾರಸಿ, ಇಪ್ಪತ್ತೊಂದು ಚಿಟಿಕೆ

ನಮ್ಮ ಮನೆಯ ತಾರಸಿಯ ದಕ್ಷಿಣಾರ್ಧದಲ್ಲಿ ನಾಲ್ಕು ಸೌರಫಲಕಗಳನ್ನು ಕೂರಿಸಿ ನಡೆಸಿದ ಮೂವತ್ತು ದಿನಗಳ ಪರೀಕ್ಷೆಯ ವಿವರಗಳನ್ನೆಲ್ಲ ನಾನು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಗೂ ವೇಳೆಯ ಸಹಿತ ಬರೆದಿಟ್ಟಿದ್ದೇನೆ. ಎಡಪುಟದಲ್ಲಿ ನಷ್ಟ, ಬಲಪುಟದಲ್ಲಿ ಲಾಭ. ಭೌತಶಾಸ್ತ್ರದಲ್ಲಿ ಪದವಿ ಪಡೆದವಳು ಮನೆಯಲ್ಲಿದ್ದೂ ಇಂಥದೊಂದು ನಿರ್ಧಾರವನ್ನು ಅಂದಾಜಿನ ಮೇಲೆ ಬಿಡುವುದು ನನಗೆ ಸರಿಕಾಣಲಿಲ್ಲ. ಆದರೂ ಆ ಪುಟಗಳಲ್ಲಿ ನಮೂದಾಗಿರುವ ಅತಿ ದೊಡ್ಡ ತಪ್ಪು ನನ್ನದೇ ಆಗಿರುವುದರಿಂದ, ನಡೆದದ್ದನ್ನು ಕ್ರಮವಾಗಿ ಹೇಳುವುದು ನನ್ನ ಕರ್ತವ್ಯ.

ನಮ್ಮ ಊರಿನಲ್ಲಿ ಹಗಲು ಫಲಕದ ಮೇಲೆ ಬಿದ್ದ ನೆರಳು ಸಂಜೆ ಬಲ್ಬಿನ ಬೆಳಕಿನ ಜೊತೆಗೆ ಹೊರಬಂದು ಗೋಡೆಯ ಮೇಲೆ ಆಡುತ್ತದೆ. ಬೆಳಗಿನ ನೆರಳು ದೀಪ ಹಾಕಿದ ಕೂಡಲೇ ಬರುತ್ತದೆ. ಇಳಿಹೊತ್ತಿನದು ಊಟ ಮುಗಿಯುವ ವೇಳೆಗೆ. ಇದಕ್ಕೆ ಎಲ್ಲರೂ ಹೊಂದಿಕೊಂಡಿದ್ದಾರೆ. ದರ್ಜಿ ಪುಟ್ಟಸಿದ್ದಯ್ಯನವರ ಫಲಕ ತೆಂಗಿನ ಮರದ ಕೆಳಗಿದೆ. ಸಂಜೆಯಿಡೀ ಗೋಡೆಯ ಮೇಲೆ ಗರಿ ತೂಗುವುದನ್ನು ನೋಡಿ ಅವರಿಗೆ ತಂಪಾಗುತ್ತದೆಯಂತೆ, ಫ್ಯಾನನ್ನೇ ಕೊಂಡಿಲ್ಲ. ಅಂಚೆ ಕಚೇರಿಯ ಹಿಂದಿನ ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಿದ್ದಾಗ ಗೋಡೆಯ ಮೇಲೆ ಮಂಗವೊಂದು ಬಾಲವೆತ್ತಿ ಬೆನ್ನು ಕೆರೆದುಕೊಂಡಿತು. ಸಂಬಂಧ ಕುದುರಿತು, ಬಂದವರ ಮನೆಯ ಗೋಡೆಯಲ್ಲೂ ಮಂಗಗಳಿದ್ದವು. ಬಲ್ಬಿನ ಜೊತೆಗೆ ಫ್ಯಾನು ಹಾಕಿದರೆ ಕೂಡಿಟ್ಟ ಬೆಳಕು ಬೇಗ ಖರ್ಚಾಗಿ ನೆರಳುಗಳು ಅವಸರದಲ್ಲಿ ಓಡುತ್ತವೆ. ಮಿಕ್ಸಿ ಹಾಕಿದರೆ ಕುಣಿಯುತ್ತವೆ. ಒಂದೇ ಒಂದು ಸೊನ್ನೆ ಬಲ್ಬು ಉರಿಸಿದರೆ ಮೆಲ್ಲಗೆ, ಎಣಿಸಬಹುದಾದಷ್ಟು ಮೆಲ್ಲಗೆ ನಡೆಯುತ್ತವೆ.

ಮನೆಯಲ್ಲಿರುವುದು ಇಬ್ಬರೇ: ನಾನು ಮತ್ತು ನನ್ನ ಸೋದರತ್ತೆ ಅಂಬುಜಾಕ್ಷಿ. ಅತ್ತೆ ಅಕ್ಕಿ ಸಂಡಿಗೆ ಮಾಡುತ್ತಾರೆ. ಊರಿನ ಮದುವೆಗಳಿಗೆಲ್ಲ ಅಡುಗೆ ಮಾಡುವ ಶೇಷಗಿರಿ ಭಟ್ಟರು ವರ್ಷಕ್ಕೊಮ್ಮೆ ಬಂದು ಸಂಡಿಗೆ ಕರಿದು, ರುಚಿ ನೋಡಿ, ಆ ವರ್ಷದ ಮದುವೆಗಳ ಸಂಡಿಗೆ ಗುತ್ತಿಗೆಯನ್ನು ಒಂದು ಮನೆಗೆ ಕೊಡುತ್ತಾರೆ. ಕಳೆದ ನಾಲ್ಕು ವರ್ಷ ಅದು ನಮ್ಮದಾಗಿತ್ತು. ಗುತ್ತಿಗೆ ತಪ್ಪಿದರೆ ಮನೆಯ ಒಲೆ ನನ್ನ ಸಂಬಳದ ಮೇಲೆ ಉರಿಯಬೇಕು. ನಾನು ಪ್ರೌಢಶಾಲೆಯ ಪ್ರಯೋಗಾಲಯದ ಸಹಾಯಕಿ. ಆ ಸಂಬಳದಲ್ಲಿ ಒಲೆ ಹೊತ್ತಿಸಬಹುದು, ಉರಿಸಲಾಗದು.

ಇಷ್ಟಾಗಿಯೂ ಫಲಕ ಹಾಕಿಸೋಣವೆಂದು ಹಟ ಹಿಡಿದವಳು ನಾನೇ. ಪ್ರತಿದಿನ ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಊರಿಗೆ ಕರೆಂಟಿರುವುದಿಲ್ಲ. ಅತ್ತೆ ಸೀಮೆಎಣ್ಣೆ ದೀಪದಲ್ಲಿ ಒಡಕು ಸಂಡಿಗೆಗಳನ್ನು ಆರಿಸುತ್ತ, ಕಣ್ಣುಜ್ಜಿಕೊಳ್ಳುತ್ತ, ಅರ್ಧ ಒಳ್ಳೆಯದನ್ನೇ ಒಡಕೆಂದು ಎಸೆಯುತ್ತಿದ್ದರು.

"ಹಾಕಿದ ಹಣ ಏಳು ವರ್ಷ ನಾಲ್ಕು ತಿಂಗಳಲ್ಲಿ ವಾಪಸ್ ಬರತ್ತೆ ಅತ್ತೆ," ಎಂದು ನಾನು ಲೆಕ್ಕ ತೋರಿಸಿದೆ.

"ಅಷ್ಟೊತ್ತಿಗೆ ನನ್ನ ಹಲ್ಲು ಇರತ್ತೇನೇ?"

"ಹಲ್ಲಿಗೂ ಬಲ್ಬಿಗೂ ಏನು ಸಂಬಂಧ?"

"ನಿನ್ನ ಲೆಕ್ಕದಲ್ಲಿ ಇಲ್ಲ. ನನ್ನ ಲೆಕ್ಕದಲ್ಲಿ ಇದೆ," ಎಂದರು ಅತ್ತೆ.

ಫಲಕ ಕೂರಿಸುವ ಚೆಲುವಯ್ಯ ಬಾಯಿಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡೇ ಮಾತು ಮುಗಿಸಿದ. "ಮೂವತ್ತು ದಿನ ಇಟ್ಕೊಳ್ಳಿ ಅಮ್ಮ. ಬೇಡ ಅನ್ಸಿದ್ರೆ ಹೇಳಿ, ಬಿಚ್ಕೊಂಡ್ ಹೋಗ್ತೀನಿ. ಬೇಕು ಅನ್ಸಿದ್ರೂ ಹೇಳಿ, ದುಡ್ಡು ಇಸ್ಕೊಂಡ್ ಹೋಗ್ತೀನಿ."

ಮೂವತ್ತನೆಯ ದಿನವೇ ಶೇಷಗಿರಿ ಭಟ್ಟರು ಬರುವ ದಿನವಾಗಿತ್ತು. ಫಲಕಗಳು ಕುಳಿತ ಮೇಲೆ ಅತ್ತೆಗೆ ಹನ್ನೆರಡು ಚಾಪೆ ಸಂಡಿಗೆಯ ಜಾಗದಲ್ಲಿ ಆರು ಚಾಪೆಯ ಜಾಗ ಉಳಿಯಿತು. ಎಡಪುಟದ ಮೊದಲ ಸಾಲು: "ಅರ್ಧ ತಾರಸಿ."

ಇನ್ನು ಪಕ್ಕದ ಮನೆಯ ವಿಷಯ. ನಮ್ಮ ತಾರಸಿಗೂ ಪಶ್ಚಿಮದ ಮಂದಾಕಿನಮ್ಮನವರ ತಾರಸಿಗೂ ನಡುವೆ ಸೊಂಟದೆತ್ತರದ ಒಂದೇ ಗೋಡೆ. ಅವರೂ ಸಂಡಿಗೆ ಮಾಡುತ್ತಾರೆ. ಹನ್ನೊಂದು ವರ್ಷಗಳ ಹಿಂದೆ ಒಂದು ನಾಮಕರಣದ ಪಂಕ್ತಿಯಲ್ಲಿ ಅವರು ನಮ್ಮ ಅತ್ತೆಯ ಸಂಡಿಗೆಯನ್ನು ಎಲೆಯಿಂದ ಎತ್ತಿ ಹಿಡಿದು, "ಕುಡಿಯೋದರಲ್ಲಿ ಇದು ನಮ್ಮ ಮನೆಯ ಗಂಡಸರನ್ನೂ ಮೀರಿಸತ್ತೆ," ಎಂದರಂತೆ. ಕುಡಿದದ್ದು ಎಣ್ಣೆ. ಅಲ್ಲಿಯವರೆಗೆ ಒಂದೇ ಬುಟ್ಟಿಯಲ್ಲಿ ಹೂವು ತರುತ್ತಿದ್ದ ಇಬ್ಬರು ಗೆಳತಿಯರು ಅಂದಿನಿಂದ ಮಾತು ಬಿಟ್ಟರು. ಮಧ್ಯಾಹ್ನ ಮೂರು ನಲವತ್ತಕ್ಕೆ ಇಬ್ಬರೂ ತಾರಸಿಗೆ ಬರುತ್ತಾರೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ಒಣಗಿದ ಸಂಡಿಗೆ ಬಿಡಿಸುತ್ತಾರೆ. ಹೇಳಲೇಬೇಕಾದದ್ದೇನಾದರೂ ಇದ್ದರೆ ಗೋಡೆಯ ಮೇಲೆ ಕೂರುವ ಕಾಗೆಗೆ ಹೇಳುತ್ತಾರೆ.

"ಕಾಗೆ, ನಾಳೆ ನಲ್ಲಿ ಬರಲ್ಲವಂತೆ, ಇವತ್ತೇ ತುಂಬಿಟ್ಕೋ," ಎಂದು ಮಂದಾಕಿನಮ್ಮ ಆಕಾಶ ನೋಡುತ್ತ ಹೇಳುತ್ತಾರೆ.

"ಮೂದೇವಿ ಕಾಗೆ, ನನ್ನ ಮನೆ ತೊಟ್ಟಿ ನೆನ್ನೇನೇ ತುಂಬಿದೆ, ನಿನ್ನ ಉಪಕಾರ ಯಾರಿಗೆ ಬೇಕು?" ಎಂದು ಅತ್ತೆ ನೆಲ ನೋಡುತ್ತ ಉತ್ತರಿಸುತ್ತಾರೆ.

ಇದು ಸುಗಮವಾಗಿಯೇ ನಡೆದಿತ್ತು. ಆದರೆ ಇಳಿಬಿಸಿಲಿನಲ್ಲಿ ಗೋಡೆಯ ಬಳಿ ನಿಂತವರ ನೆರಳು ಪೂರ್ವಕ್ಕೆ, ಅಂದರೆ ನೇರವಾಗಿ ನಮ್ಮ ಫಲಕಗಳ ಮೇಲೆ ಬೀಳುತ್ತದೆ ಎಂಬುದನ್ನು ನಾನು ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲ ಸಂಜೆ ದೀಪ ಹಾಕಿ, ಅತ್ತೆ ಸಾರು ಕಲಸಿಕೊಳ್ಳುವಷ್ಟರಲ್ಲಿ, ಊಟದ ಮನೆಯ ಗೋಡೆಯ ಮೇಲೆ ದೊಡ್ಡ ತುರುಬಿನ ನೆರಳೊಂದು ಬಂದು ನಿಂತಿತು.

"ಯಾರೇ ಇವಳನ್ನ ಊಟಕ್ಕೆ ಕರೆದದ್ದು?" ಎಂದು ಅತ್ತೆ ಎಲೆಯ ಮುಂದಿನಿಂದ ಎದ್ದೇಬಿಟ್ಟರು.

ಬಹಳ ಹೊತ್ತು ಸಮಾಧಾನ ಹೇಳಿದ ಮೇಲೆ ಗೋಡೆಗೆ ಬೆನ್ನು ಹಾಕಿ ಕುಳಿತು ಊಟ ಮುಗಿಸಿದರು. ಎರಡನೆಯ ದಿನ ಪಕ್ಕಕ್ಕೆ ತಿರುಗಿ ಕುಳಿತರು. ಮೂರನೆಯ ದಿನ ನೇರವಾಗಿಯೇ ಕುಳಿತು, "ನೋಡೇ ಚಾರೂ, ನನ್ನ ಮುಖ ನೋಡಬಾರದು ಅಂತ ಗೋಡೆ ಹತ್ರ ಬರೋವಾಗ್ಲೂ ಬೆನ್ನು ಮುಂದೆ ಮಾಡ್ಕೊಂಡು ಹಿಂದುಹಿಂದಕ್ಕೆ ನಡ್ಕೊಂಡು ಬರ್ತಾಳೆ. ಸೊಕ್ಕು ನೋಡು!" ಎಂದರು.

ನಾನು ನೋಡಿದೆ. ನೆರಳು ನಿಜವಾಗಿಯೂ ಹಿಮ್ಮುಖವಾಗಿ ನಡೆಯುತ್ತಿತ್ತು. ಮನುಷ್ಯಸ್ವಭಾವ ನನ್ನ ವಿಷಯವಲ್ಲವಾದ್ದರಿಂದ ಅತ್ತೆಯ ವಿವರಣೆಯನ್ನೇ ಬರೆದುಕೊಂಡೆ. ಕಾಗೆಯೂ ಬಾಲ ಮುಂದೆ ಮಾಡಿ ಹಾರಿಬಂದು ಗೋಡೆಯ ಮೇಲೆ ಇಳಿಯಿತು. ಅದಕ್ಕೆ ನಾನು "ಎದುರುಗಾಳಿ, ಗಂಟೆಗೆ ಅಂದಾಜು ನಲವತ್ತು ಕಿಲೋಮೀಟರ್" ಎಂದು ಅಡಿಟಿಪ್ಪಣಿ ಹಾಕಿದೆ. ಇಳಿಹೊತ್ತಿನ ನೆರಳು ಊಟದ ಕೊನೆಗೆ ಬರುವ ಬದಲು ದೀಪ ಹಾಕಿದ ಕೂಡಲೇ ಬರುತ್ತಿರುವುದಕ್ಕೆ "ಮನೆ ಪಶ್ಚಿಮಾಭಿಮುಖ" ಎಂಬ ಕಾರಣ ಕೊಟ್ಟೆ. ಮೂರೂ ವಿವರಣೆಗಳು ಆಗ ನನಗೆ ತೃಪ್ತಿಕರವಾಗಿ ಕಂಡವು.

ಆರನೆಯ ಸಂಜೆ ಅತ್ತೆ ತುತ್ತನ್ನು ಬಾಯಿಯ ಬಳಿ ಹಿಡಿದು ಸ್ತಬ್ಧರಾದರು. ಗೋಡೆಯ ಮೇಲೆ ಕಾಗೆಯ ನೆರಳು ಬಗ್ಗಿ, ಕೊಕ್ಕಿನಿಂದ ಏನನ್ನೋ ಮಂದಾಕಿನಮ್ಮನವರ ಬೆರಳುಗಳ ನಡುವೆ ಇಟ್ಟಿತು. ಆ ಬೆರಳುಗಳು ಹಿಟ್ಟಿನ ಪಾತ್ರೆಯೊಳಗೆ ಇಳಿದು ಬರಿದಾಗಿ ಮೇಲೆ ಬಂದವು. ಮತ್ತೆ ಕಾಗೆ ಬಗ್ಗಿತು.

"ಅಯ್ಯೋ ಕಳ್ಳೀ! ಕಾಗೆ ಕೈಲಿ ಸಾಮಾನು ತರಿಸ್ತಿದಾಳೆ!"

"ಕಾಗೆಗೆ ಕೈ ಇಲ್ಲ ಅತ್ತೆ."

"ಬಾಯಿ ಮುಚ್ಕೊಂಡು ಎಣಿಸೇ!"

ನಾನು ಟ್ಯೂಬ್‌ಲೈಟ್ ಆರಿಸಿ ಸೊನ್ನೆ ಬಲ್ಬು ಹಾಕಿದೆ. ಹುಳಿ ಯಾವುದು, ಉಪ್ಪಿನಕಾಯಿ ಯಾವುದು ಎಂದು ತಿಳಿಯದಷ್ಟು ಮಬ್ಬಿನಲ್ಲಿ ಇಬ್ಬರೂ ಕುಳಿತು ಎಣಿಸಿದೆವು. ಇಪ್ಪತ್ತೊಂದು ಚಿಟಿಕೆ. ಮರುದಿನವೂ ಇಪ್ಪತ್ತೊಂದು. ಮುಂದಿನ ಐದು ದಿನವೂ ಅಷ್ಟೇ. ಬಲಪುಟದಲ್ಲಿ ನಾನು ಬರೆದೆ: "ಲಾಭ ಒಂಬತ್ತು: ನೆರೆಮನೆಯ ಗುಟ್ಟು."

ಹಗಲಿನಲ್ಲಿ ಒಮ್ಮೆ ಗೋಡೆಯಾಚೆ ಇಣುಕಿದ್ದರೆ ಸಾಕಾಗಿತ್ತು ಎಂದು ಓದುವವರಿಗೆ ಅನ್ನಿಸಬಹುದು. ನಾನು ಶಾಲೆಯಿಂದ ಬರುವುದು ಐದಕ್ಕೆ. ಭಾನುವಾರ ಇಣುಕಲೇ ಎಂದು ಅತ್ತೆಯನ್ನು ಕೇಳಿದಾಗ, "ಅವಳ ಕಡೆ ತಿರುಗಿ ನೋಡೋದು ನಮ್ಮ ಮಾನಕ್ಕೆ ಕಡಿಮೆ. ನಮ್ಮ ಗೋಡೆ ಮೇಲೆ ತಾನಾಗಿ ಬಂದದ್ದು ನಮ್ಮದು," ಎಂದರು. ಇದರಲ್ಲಿ ನನಗೆ ತಾರ್ಕಿಕ ದೋಷ ಕಾಣಲಿಲ್ಲ.

ಸಮಸ್ಯೆ ಒಂದೇ: ನೆರಳಿಗೆ ಬಣ್ಣವಿಲ್ಲ. ಕಾಗೆ ತಂದುಕೊಡುತ್ತಿದ್ದ ವಸ್ತು ಯಾವುದೆಂದು ತಿಳಿಯಬೇಕಾದರೆ ಕಾಗೆಯನ್ನೇ ಒಲಿಸಿಕೊಳ್ಳಬೇಕಾಗಿತ್ತು. ಹನ್ನೊಂದು ವರ್ಷ ಅದನ್ನು ಮೂದೇವಿ ಎಂದು ಕರೆದಿದ್ದ ಅತ್ತೆ, ಹದಿಮೂರನೆಯ ದಿನ ತಾರಸಿಯಲ್ಲಿ ಚಕ್ಕುಲಿ ಹಿಡಿದು, "ಬಾರಮ್ಮ, ಬಾ ನನ್ನ ತಾಯಿ, ನಿನ್ನ ಕೈಗುಣ ನನಗೂ ಸ್ವಲ್ಪ ತೋರಿಸು," ಎಂದರಂತೆ.

ಗೋಡೆಯಾಚೆಯಿಂದ ದನಿ ಬಂತಂತೆ. "ಏನೇ ಕಾಗೆ, ಮೂದೇವಿ ಆಗಿದ್ದೋಳು ರಾತ್ರೋರಾತ್ರಿ ಮಹಾಲಕ್ಷ್ಮಿ ಆಗ್ಬಿಟ್ಟೆ? ಯಾರಿಗೋ ನಿನ್ನಿಂದ ಏನೋ ಕೆಲಸ ಬಿದ್ದಿರ್ಬೇಕು!"

"ಕಾಗೆ, ಕೆಲವರಿಗೆ ಪರರ ಪ್ರೀತಿ ಕಂಡ್ರೆ ಹೊಟ್ಟೆ ಉರಿ," ಎಂದರಂತೆ ಅತ್ತೆ.

ಕಾಗೆ ಚಕ್ಕುಲಿ ತಿಂದಿತು, ಮತ್ತು ಕಾಗೆಗಳಿಗೆ ಸಹಜವಾದ ರೀತಿಯಲ್ಲಿ ಕೊಕ್ಕಿಗೆ ಸಿಕ್ಕಿದ್ದನ್ನು ತಂದು ನಮ್ಮ ತಾರಸಿಯಲ್ಲಿ ಬಿಡತೊಡಗಿತು. ಒಂದು ಸೋಡಾ ಬಾಟಲಿಯ ಮುಚ್ಚಳ, ಒಂದು ಹೇರ್‌ಪಿನ್, ಕನ್ನಡಕದ ಒಂದು ಕಾಲು. ಪ್ರತಿಯೊಂದಕ್ಕೂ ನಾನು ಸಂಖ್ಯೆ ಹಾಕಿ ಪೊಟ್ಟಣ ಕಟ್ಟಿದೆ. ಸಂಡಿಗೆಯಲ್ಲಿ ಹಾಕಲು ಬರುವಂಥದ್ದು ಇಪ್ಪತ್ತಮೂರನೆಯ ದಿನ ಸಿಕ್ಕಿತು: ಒಣಗಿದ ಬೇವಿನ ಬೀಜ. ಅದರ ಮರುದಿನವೂ ಬೇವಿನ ಬೀಜವೇ.

"ಕಹಿ ಆಗಲ್ವೇನೇ?" ಎಂದು ಅತ್ತೆ ಅನುಮಾನಪಟ್ಟರು. ಅನುಮಾನಪಟ್ಟವರು ಅವರು, ಪರಿಹರಿಸಿದವಳು ನಾನು ಎಂಬುದು ದಾಖಲಾಗಲಿ. ಬೀಜ ಕುಟ್ಟಿ, ಒಂದು ಪಾತ್ರೆ ಹಿಟ್ಟಿಗೆ ಒಂದು ಚಿಟಿಕೆ ಹಾಕಿ ರುಚಿ ನೋಡಿದೆವು. ಕಹಿ ತಿಳಿಯಲಿಲ್ಲ. ಒಂದು ಚಿಟಿಕೆಯ ಕಹಿ ಸೊನ್ನೆಯಾದರೆ, ಇಪ್ಪತ್ತೊಂದು ಚಿಟಿಕೆಯ ಕಹಿ ಇಪ್ಪತ್ತೊಂದು ಗುಣಿಸು ಸೊನ್ನೆ, ಅಂದರೆ ಸೊನ್ನೆ ಎಂದು ನಾನು ಕಾಗದದ ಮೇಲೆ ಸಾಧಿಸಿ ತೋರಿಸಿದೆ. ಅತ್ತೆ ಓದಿದ ಹುಡುಗಿಯ ಮಾತನ್ನು ನಂಬಿದರು. ಇಪ್ಪತ್ತೇಳನೆಯ ದಿನ ಆರು ಚಾಪೆಗಳ ತುಂಬ ಬೇವಿನ ಸಂಡಿಗೆ ಒಣಗಲು ಬಿತ್ತು. ಬೇರೆ ಸಂಡಿಗೆ ಹಾಕಲು ಜಾಗವಿರಲಿಲ್ಲ, ಜಾಗದಲ್ಲಿ ಫಲಕಗಳಿದ್ದವು.

ಇಪ್ಪತ್ತೊಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಚೆಲುವಯ್ಯ ತಪಾಸಣೆಗೆ ಬಂದು ಫಲಕದ ವೈರುಗಳ ಪೆಟ್ಟಿಗೆಯ ಮುಚ್ಚಳ ತೆಗೆದವನು ನಾಲಿಗೆ ಕಚ್ಚಿಕೊಂಡ.

"ಥೋ, ನಂದೇ ತಪ್ಪು ಮೇಡಂ. ಕೆಂಪು ವೈರು ನೀಲಿ ಜಾಗಕ್ಕೆ ಹಾಕ್ಬಿಟ್ಟಿದೀನಿ. ನಿಮ್ಮನೇಲಿ ಹಗಲೆಲ್ಲ ತಿರುಗಾಮುರುಗಾ ಬರ್ತಿತ್ತಲ್ಲ, ಕೊನೇದು ಮೊದಲು, ಮೊದಲಿಂದು ಕೊನೇಗೆ. ಕಾಗೆ ಹಿಂದಕ್ಕೆ ಹಾರಿದ್ದು ಯಾರೂ ನೋಡ್ಲಿಲ್ವಾ?"

"ಎದುರುಗಾಳಿ ಅಂದ್ಕೊಂಡಿದ್ದೆ," ಎಂದೆ.

"ಮೂವತ್ತು ದಿನಾನೂ?"

"ಇಪ್ಪತ್ತೊಂಬತ್ತು," ಎಂದು ತಿದ್ದಿದೆ. ನಿಖರತೆಯೊಂದೇ ಆಗ ನನ್ನ ಬಳಿ ಉಳಿದಿದ್ದ ಆಸ್ತಿ.

ಆ ಸಂಜೆ ನೆರಳುಗಳು ಸರಿಯಾದ ಕ್ರಮದಲ್ಲಿ ಬಂದವು. ಊಟದ ಕೊನೆಯಲ್ಲಿ ಮಂದಾಕಿನಮ್ಮ ಎಲ್ಲರಂತೆ ಮುಂದೆ ನೋಡುತ್ತ ಗೋಡೆಯ ಬಳಿ ಬಂದರು. ಕಾಗೆ ಎಲ್ಲ ಕಾಗೆಗಳಂತೆ ಕೊಕ್ಕು ಮುಂದೆ ಮಾಡಿ ಇಳಿಯಿತು. ಅವರು ಪಾತ್ರೆಯ ತಳದಲ್ಲಿ ಉಳಿದಿದ್ದ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ತೆಗೆದು ಕಾಗೆಗೆ ತಿನ್ನಿಸಿದರು. ಇಪ್ಪತ್ತೊಂದು. ಕಾಗೆ ಕತ್ತನ್ನು ನಮ್ಮ ಚಾಪೆಗಳ ಕಡೆ ತಿರುಗಿಸಿದಾಗ ಅವರ ನೆರಳು ಕೈಯೆತ್ತಿ, ಆ ಕಡೆ ಬೇಡ ಎಂಬಂತೆ ಬೀಸಿತು. ಹೊಟ್ಟೆ ತುಂಬಿದ ಕಾಗೆ ಯಾರ ಸಂಡಿಗೆಯನ್ನೂ ಮುಟ್ಟದೆ ಹಾರಿಹೋಯಿತು.

ಅತ್ತೆ ಎಂಜಲು ಕೈ ತೊಳೆಯದೆಯೇ ಕೇಳಿದರು. "ಹನ್ನೊಂದು ವರ್ಷದಲ್ಲಿ ನಮ್ಮ ಸಂಡಿಗೆ ಒಂದನ್ನಾದ್ರೂ ಕಾಗೆ ಮುಟ್ಟಿದೆಯೇನೇ?"

"ನನ್ನ ದಾಖಲೆಯಲ್ಲಿ ಇಲ್ಲ."

"ನಾನು ಬೈತೀನಿ ಅಂತ ಹೆದರ್ಕೊಂಡಿದೆ ಅಂದ್ಕೊಂಡಿದ್ದೆ."

ಬೇವಿನ ಸಂಡಿಗೆಯೊಂದನ್ನು ಕರಿದು ಇಬ್ಬರೂ ಅರ್ಧರ್ಧ ತಿಂದೆವು. ಅಲ್ಲಿಂದ ಒಂದು ಗಂಟೆಯವರೆಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಲು ನಾಲಿಗೆ ಒಪ್ಪಲಿಲ್ಲ. ಹಳೆಯ ಸಂಡಿಗೆಯೆಲ್ಲ ಮಾರಿಹೋಗಿತ್ತು, ಹೊಸದು ಒಣಗಲು ಎರಡು ದಿನ ಬೇಕು. ಭಟ್ಟರು ಬರುವುದು ಮರುದಿನ ಹನ್ನೊಂದಕ್ಕೆ. ಸೊನ್ನೆಯ ಗುಣಾಕಾರವಿದ್ದ ಕಾಗದವನ್ನು ನಾನು ಹರಿಯಲಿಲ್ಲ. ಅದನ್ನು ಎಡಪುಟಕ್ಕೆ ಅಂಟಿಸಿದೆ.

ಪಕ್ಷಪಾತದ ಮಾತು ಬರಬಾರದೆಂದು ಶೇಷಗಿರಿ ಭಟ್ಟರು ನಡುಗೋಡೆಯ ಮೇಲೆಯೇ ಪಂಪ್ ಸ್ಟೌ ಇಟ್ಟು ಕರಿಯುವುದು ರೂಢಿ. ನಾನು ಅರ್ಧ ದಿನದ ರಜೆ ಹಾಕಿ ನಿಂತಿದ್ದೆ. ಆಚೆ ಮಂದಾಕಿನಮ್ಮ, ಈಚೆ ಅತ್ತೆ, ಇಬ್ಬರೂ ಬೆನ್ನು ಹಾಕಿ. ನಡುವೆ, ಸ್ಟೌವಿನಿಂದ ಗೌರವದ ಅಂತರದಲ್ಲಿ, ಕಾಗೆ. ಭಟ್ಟರು ಮೊದಲು ಆ ಮನೆಯ ಸಂಡಿಗೆ ಕರಿದು ತಿಂದು, "ಹೂಂ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಆಮೇಲೆ ನಮ್ಮದು. ಬಿಳಿಯಾಗಿ, ಹೂವಿನಂತೆ ಅರಳಿತು. ಭಟ್ಟರು ಕಚ್ಚಿದರು. ಅವರ ಹುಬ್ಬುಗಳು ಹಣೆಯ ಮೇಲಿನ ನಾಮವನ್ನು ಮುಟ್ಟಿ ಅಲ್ಲೇ ನಿಂತವು.

"ಅಂಬುಜಮ್ಮ, ಇದು ಸಂಡಿಗೆಯೋ ಬೇವಿನ ಕಷಾಯವೋ?"

ಭಟ್ಟರು ಉಳಿದ ತುಂಡನ್ನು ಕಾಗೆಗೆ ಎಸೆದರು. ಕಾಗೆ ಅದನ್ನು ಎತ್ತಿ, ಕೆಳಗಿಟ್ಟು, ಭಟ್ಟರನ್ನು ನಾಲ್ಕು ಸೆಕೆಂಡು ನೋಡಿ, ಊರಿನ ಹೊರಗಿನ ದಿಕ್ಕಿಗೆ ಹಾರಿಹೋಯಿತು.

"ಹಾಗಾದ್ರೆ ಈ ವರ್ಷ ಮಂದಾಕಿನಮ್ಮನವರದೇ ಆಯ್ತು," ಎಂದು ಭಟ್ಟರು ಸ್ಟೌವಿನ ಗಾಳಿ ಬಿಟ್ಟರು.

ಮಂದಾಕಿನಮ್ಮ ಬಾಯಿ ತೆರೆದರು. ಗೋಡೆಯ ಮೇಲೆ ನೋಡಿದರು. ಇಲ್ಲ. ವಿದ್ಯುತ್ ಕಂಬದ ಮೇಲೆ ನೋಡಿದರು. ಅಲ್ಲೂ ಇಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಗೋಡೆ ಖಾಲಿಯಾಗಿತ್ತು.

"ಯಾರನ್ನ ಹುಡುಕ್ತಿದೀರಿ?" ಎಂದರು ಭಟ್ಟರು.

"ಕಾಗೇನ."

"ಕಾಗೆ ಯಾಕಮ್ಮ ಈಗ?"

"ಅಂಬುಜನಿಗೆ ಒಂದು ಮಾತು ಹೇಳ್ಬೇಕಿತ್ತು."

"ಅಂಬುಜಮ್ಮ ಇಲ್ಲೇ ನಿಂತಿದಾರಲ್ರೀ!"

ಮಂದಾಕಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮೆಲ್ಲನೆ, ಕೀಲಿಗೆ ಎಣ್ಣೆ ಕಾಣದ ಬಾಗಿಲಿನಂತೆ ತಿರುಗಿದರು. "ಅಂಬುಜಾ, ಬೇವು ಯಾಕೇ ಹಾಕ್ದೆ?"

ಅತ್ತೆಯೂ ತಿರುಗಿದರು. "ನೀನು ಹಾಕ್ತೀಯ ಅಂತ."

"ನಾನ್ಯಾಕೆ ಹಾಕ್ಲೇ?"

"ಕಾಗೆ ತಂದುಕೊಡ್ತಿತ್ತಲ್ಲ."

"ಕಾಗೆಗೆ ನಾನು ಕೊಡ್ತಿದ್ದೆ ಕಣೇ!"

"ಅದು ನೆನ್ನೆ ಸಂಜೆ ಗೊತ್ತಾಯ್ತು, ಮಂದೂ," ಎಂದರು ಅತ್ತೆ. "ಬೇವು ಮೊನ್ನೇನೇ ಒಣಗಿಹೋಗಿತ್ತು."

ಮೊದಲು ನಕ್ಕವರು ಯಾರೆಂದು ನನಗೆ ಗುರುತಿಸಲಾಗಲಿಲ್ಲ. ಇಬ್ಬರದೂ ಒಟ್ಟಿಗೇ ಕೇಳಿಸಿತು. ನಗು ನಿಂತ ಮೇಲೆ ಮಂದಾಕಿನಮ್ಮ ಭಟ್ಟರ ಬಾಣಲೆಯ ಹಿಡಿಕೆ ಹಿಡಿದುಕೊಂಡರು.

"ಗುರುವಾರ ಇನ್ನೊಂದ್ಸಲ ಬನ್ನಿ ಭಟ್ಟರೇ. ಇವಳು ನನ್ನ ತಾರಸಿ ಮೇಲೆ ಹಾಕಲಿ, ಅಲ್ಲಿ ಜಾಗ ಇದೆ. ಇವಳ ಸಂಡಿಗೆ ಎಣ್ಣೆ ಕುಡಿಯತ್ತೆ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಕಹಿ ಮಾತ್ರ ಇವಳ ಕೈಯದ್ದಲ್ಲ."

"ಮತ್ತೆ ಯಾರ ಕೈಯದ್ದು?" ಎಂದರು ಭಟ್ಟರು.

ಅತ್ತೆ ನನ್ನತ್ತ ನೋಡಲಿಲ್ಲ. "ಗಾಳಿದು. ಎದುರುಗಾಳಿ," ಎಂದರು.

ಗುರುವಾರ ಭಟ್ಟರು ಬಂದು, ಎರಡನ್ನೂ ತಿಂದು, ಎರಡಕ್ಕೂ "ಹೂಂ" ಎಂದು, ಗುತ್ತಿಗೆಯನ್ನು ಗೋಡೆಯ ಎರಡೂ ಕಡೆಗೆ ಸಮನಾಗಿ ಹಂಚಿದರು. ಕಾಗೆಯೂ ಅದೇ ದಿನ ಮರಳಿತು, ಆದರೆ ಭಟ್ಟರು ಮೆಟ್ಟಿಲಿಳಿದು ಹೋದ ಮೇಲೆ. ಎಡಪುಟದ ಮೊದಲ ಸಾಲಿಗೆ ಎದುರಾಗಿ ಬಲಪುಟದಲ್ಲಿ ನಾನು ಬರೆದೆ: "ಪಕ್ಕದ ತಾರಸಿ, ಪೂರ್ತಿ."

ಆ ಸಂಜೆ ಚೆಲುವಯ್ಯ ಉತ್ತರ ಕೇಳಲು ಬಂದ. ಅತ್ತೆ ಮಡಿಚಿದ ನೋಟುಗಳನ್ನು ಅವನ ಕೈಗಿಟ್ಟು, "ಇರಲಿ ಬಿಡಪ್ಪ. ಆದ್ರೆ ಆ ವೈರು ಮೊದಲಿದ್ದ ಹಾಗೇ ತಿರುಗಿಸಿ ಹಾಕ್ಬಿಡು," ಎಂದರು.

"ಅದು ತಪ್ಪು ಅಮ್ಮ. ಎಲ್ಲ ಹಿಂದುಮುಂದಾಗಿ ಬರತ್ತೆ."

"ಬರಲಿ. ನಿನ್ನ ಸರಿಯಾದ ಕಡೆಯಿಂದ ನೋಡಿದ್ರೆ ಆ ಮೂದೇವಿ ಇಪ್ಪತ್ತೊಂದು ಚಿಟಿಕೆ ತಿಂದ್ಕೊಂಡು ಹೋಗತ್ತೆ. ಈ ಕಡೆಯಿಂದ ನೋಡಿದ್ರೆ ತಂದ್ಕೊಟ್ಟು ಹೋಗತ್ತೆ. ಇಷ್ಟು ದುಡ್ಡು ಕೊಟ್ಟ ಮೇಲೆ ಲಾಭ ಆಗೋ ಕಡೆಯಿಂದ್ಲೇ ನೋಡ್ತೀವಿ."

ಈಗ ಪ್ರತಿ ಸಂಜೆ ಮಂದಾಕಿನಮ್ಮ ತಮ್ಮ ನೆರಳನ್ನು ನೋಡಲು ನಮ್ಮ ಮನೆಗೆ ಬರುತ್ತಾರೆ. ಸೊನ್ನೆ ಬಲ್ಬಿನ ಮಬ್ಬಿನಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಒಡಕು ಸಂಡಿಗೆ ಆರಿಸುತ್ತ, ಗೋಡೆಯ ಮೇಲೆ ಕಾಗೆ ತಂದುಕೊಡುವುದನ್ನು ಗಟ್ಟಿಯಾಗಿ ಎಣಿಸುತ್ತಾರೆ. ಆ ಮಬ್ಬಿನಲ್ಲಿ ಅರ್ಧ ಒಳ್ಳೆಯದು ಈಗಲೂ ಒಡಕಿನ ಬುಟ್ಟಿಗೆ ಹೋಗುತ್ತಿದೆ. ಇಪ್ಪತ್ತೊಂದಾದ ಮೇಲೆ ಕಾಗೆ ಬಾಲ ಮುಂದೆ ಮಾಡಿಕೊಂಡು ಹಾರಿಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ನಾನು ಅದನ್ನು ಈಗಲೂ ಎದುರುಗಾಳಿ ಎಂದೇ ನಮೂದಿಸುತ್ತೇನೆ.